ಪೆಟ್ರೋಲ್ ಮುಳ್ಳಿನ ಸುಳ್ಳು

ಯಾವ ಡಬ್ಬಿ ಕೈಗೆ ಬಂದರೂ ಮುಚ್ಚಳ ತೆಗೆಯುವ ಮೊದಲು ಬೆರಳಿನ ಗೆಣ್ಣಿನಿಂದ ಒಮ್ಮೆ ಕುಟ್ಟಿ ನೋಡುವುದು ನನ್ನ ಅಭ್ಯಾಸ. ಅಕ್ಕಿ ಡಬ್ಬಿ, ಎಣ್ಣೆ ಡಬ್ಬಿ, ಕೊನೆಗೆ ಪಕ್ಕದ ಮನೆಯವರು ದೀಪಾವಳಿಗೆ ಕೊಟ್ಟ ಚಕ್ಕುಲಿ ಡಬ್ಬಿಯನ್ನೂ ಅವರ ಎದುರಿಗೇ ಕುಟ್ಟಿ ಮರ್ಯಾದೆ ಕಳೆದುಕೊಂಡಿದ್ದೇನೆ. ಇದು ನನಗೆ ಅಮ್ಮನಿಂದ ಬಂದದ್ದು. ಮುಂಬೈಯ ಬೈಕುಲ್ಲಾದ ಚಾಳಿನಲ್ಲಿ ನಮ್ಮದು ಒಂದೇ ಕೋಣೆ. ಮೂಲೆಯ ಬಚ್ಚಲಿನ ಪಕ್ಕದಲ್ಲಿ ಸೀಮೆಎಣ್ಣೆ ಟಿನ್ನು. ಅಮ್ಮ ಅದರ ಮೈಯನ್ನು ಮೇಲಿನಿಂದ ಕೆಳಗೆ ಕುಟ್ಟುತ್ತಾ ಬರುತ್ತಿದ್ದಳು. ಸದ್ದು ಎಲ್ಲಿ ಟೊಳ್ಳಿನಿಂದ ಗಟ್ಟಿಗೆ ತಿರುಗುತ್ತದೋ ಅಲ್ಲಿ ಬೆರಳಿಟ್ಟು, "ಈ ವಾರಕ್ಕೆ ಸಾಕು, ಮುಂದಿನ ವಾರ ಲೈನಿಗೆ ನಿಲ್ಲಬೇಕು" ಎನ್ನುತ್ತಿದ್ದಳು. ಅಪ್ಪ ಪೇಪರಿನ ಹಿಂದಿನಿಂದ, "ನಿನ್ನ ಅಮ್ಮನ ಬೆರಳಿಗೆ ಕಿವಿ ಉಂಟು ಮಾರಾಯ್ತಿ" ಎಂದು ನನಗೆ ಹೇಳುತ್ತಿದ್ದರು.

ಗ್ಯಾಸ್ ಬಂದ ಮೇಲೆ ಸಿಲಿಂಡರು ಕುಟ್ಟಿದರೆ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೆ ಅಮ್ಮ ಒದ್ದೆ ಬಟ್ಟೆಯಿಂದ ಅದರ ಮೈಯನ್ನು ಒರೆಸಿ ಸುಮ್ಮನೆ ಕುಳಿತು ನೋಡುತ್ತಿದ್ದಳು. ಖಾಲಿಯಿದ್ದ ಮೇಲ್ಭಾಗ ಬೇಗ ಒಣಗುತ್ತಿತ್ತು, ಗ್ಯಾಸ್ ಇದ್ದ ಕಡೆ ಪಸೆ ಉಳಿಯುತ್ತಿತ್ತು. ಅಮ್ಮ ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತಿದವಳಲ್ಲ. ಆದರೆ ಒಂದು ಪಾತ್ರೆಯೊಳಗೆ ಎಷ್ಟು ಉಳಿದಿದೆ ಎನ್ನುವುದು ತಿಳಿಯದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಅಂಥವಳ ಮಗಳಾದ ನಾನು ಮದುವೆಯಾಗಿ ಬಂದ ಮನೆಯ ಕಾರಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂಬುದು ಯಾರಿಗೂ, ಯಾವತ್ತೂ ಸರಿಯಾಗಿ ಗೊತ್ತಿರಲಿಲ್ಲ.

ಕಾರು ನಮ್ಮ ಯಜಮಾನರದು. ಘಾಟ್ಕೋಪರ್ ಸ್ಟೇಷನ್ನಿನ ಬಳಿ ಅವರದೊಂದು ಮೀನೂಟದ ಹೋಟೆಲು ಇತ್ತು. ನಮ್ಮ ಮನೆ ವಿಲೆ ಪಾರ್ಲೆಯಲ್ಲಿ. ಬೆಳಗ್ಗೆ ಎದ್ದು ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋಗಿ, ಐಸು ಹಾಕಿದ ಬಂಗುಡೆ, ಅಂಜಲುಗಳನ್ನು ಡಿಕ್ಕಿಯಲ್ಲಿ ತುಂಬಿಸಿಕೊಂಡು ಅಲ್ಲಿಂದ ಘಾಟ್ಕೋಪರಿಗೆ ಹೋಗುವುದು ಅವರ ದಿನಚರಿ. ಆ ಕೆಲಸಕ್ಕೆಂದೇ ಕೊಂಡ ಸಣ್ಣ ಕಾರು ಅದು. ವಯಸ್ಸಾದ ಹಾಗೆ ಅದರ ಪೆಟ್ರೋಲ್ ಮುಳ್ಳು ತನಗೆ ತೋಚಿದ್ದನ್ನು ತೋರಿಸಲು ಶುರುಮಾಡಿತು. ಇವರು ರಿಪೇರಿ ಮಾಡಿಸಲಿಲ್ಲ, ಹೊಂದಿಕೊಂಡರು. "ಮುಕ್ಕಾಲು ತೋರಿಸಿದ್ರೆ ಅರ್ಧ ಅಂತ ತಿಳ್ಕೊಳ್ಳುದು. ಅರ್ಧ ತೋರಿಸಿದ್ರೆ ಪಂಪು ಹುಡುಕುದು. ಮಳೆಗಾಲದಲ್ಲಿ ಮಾತ್ರ ಅದರ ಮುಖವನ್ನೇ ನೋಡ್ಲಿಕ್ಕಿಲ್ಲ" ಎನ್ನುತ್ತಿದ್ದರು. ಆ ಲೆಕ್ಕದಲ್ಲೇ ಅವರು ಎಷ್ಟೋ ವರ್ಷ ಓಡಿಸಿದರು. ಒಮ್ಮೆಯೂ ದಾರಿಯಲ್ಲಿ ನಿಂತವರಲ್ಲ. ಅದರ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು.

ಆಮೇಲೆ ಅವರ ಕಣ್ಣು ಕೈಕೊಟ್ಟಿತು. ಕಣ್ಣಿನ ಒತ್ತಡದ ಕಾಯಿಲೆ. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಕೊಳವೆಯೊಳಗಿನಿಂದ ನೋಡಿದ ಹಾಗೆ ಎಂದು ಡಾಕ್ಟರು ವಿವರಿಸಿದರು. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದರು. ಆ ದಿನ ಮನೆಗೆ ಬಂದವರೇ ಕಾರಿನ ಕೀಲಿಕೈಯನ್ನು ದೇವರ ಕಪಾಟಿನಲ್ಲಿಟ್ಟು ಸ್ನಾನಕ್ಕೆ ಹೋದರು. ಸ್ವಲ್ಪ ಸಮಯದಲ್ಲಿ ಹೋಟೆಲನ್ನೂ ತಮ್ಮನ ಮಗನಿಗೆ ಒಪ್ಪಿಸಿದರು.

ಕೀಲಿಕೈ ಅಲ್ಲೇ ಧೂಳು ಹಿಡಿಯುವುದನ್ನು ನೋಡಲಾಗದೆ ನಾನು ಡ್ರೈವಿಂಗ್ ಕಲಿಯಲು ಸೇರಿದೆ. ನಾನು ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಮಕ್ಕಳು ಕಡಿಮೆಯಾಗುತ್ತಾ ಬಂದು ಕೊನೆಗೆ ಶಾಲೆಯೇ ಮುಚ್ಚಿತು. ಘರ್ಷಣೆ, ವೇಗ, ವೇಗೋತ್ಕರ್ಷ ಎಲ್ಲವನ್ನೂ ಸೀಮೆಸುಣ್ಣ ಹಿಡಿದು ಪಾಠ ಮಾಡಿದ್ದ ನನಗೆ ಕ್ಲಚ್ಚು ಬಿಡುವುದು ಮಾತ್ರ ಬರಲೊಲ್ಲದು. ಗೇರು ಕರ್ ಎಂದು ಅರಚಿದಾಗಲೆಲ್ಲ "ಸಾರಿ, ಸಾರಿ" ಎನ್ನುತ್ತಿದ್ದೆ. ಕಲಿಸುವ ಹುಡುಗಿ, "ಆಂಟಿ, ಗಾಡಿ ಸೆ ಮಾಫಿ ಮತ್ ಮಾಂಗೋ, ಗಾಡಿ ಚಲಾವೋ" ಎಂದು, ಗಾಡಿಯ ಕ್ಷಮೆ ಕೇಳದೆ ಓಡಿಸಲು ಹೇಳಿ ನಕ್ಕಳು. ಅಂತೂ ಲೈಸೆನ್ಸ್ ಬಂತು. ಬೈಕುಲ್ಲಾದ ಕಣ್ಣಿನ ಆಸ್ಪತ್ರೆಗೆ ಇವರನ್ನು ನಾನೇ ಕರೆದುಕೊಂಡು ಹೋಗತೊಡಗಿದೆ. ಪಕ್ಕದಲ್ಲಿ ಕುಳಿತು ಇವರು ದಾರಿ ಹೇಳುತ್ತಿದ್ದರು. ಯಾವ ಸಿಗ್ನಲ್ಲಿನಲ್ಲಿ ಯಾವ ಲೇನ್ ಹಿಡಿಯಬೇಕು, ಎಲ್ಲಿ ಬಸ್ಸು ಸಡನ್ನಾಗಿ ಎಡಕ್ಕೆ ನುಗ್ಗುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಮನೆಯಲ್ಲಿ ಮಾತೇ ಕಡಿಮೆಯಾಗಿದ್ದ ಮನುಷ್ಯ ಕಾರಿನಲ್ಲಿ ಮಾತಾಡುತ್ತಿದ್ದರು. ನನಗೆ ಆಸ್ಪತ್ರೆಯ ದಿನ ಬಂದರೆ ಒಳಗೊಳಗೆ ಖುಷಿ.

ಅಂಥ ಒಂದು ದಿನ ಆಸ್ಪತ್ರೆಯಿಂದ ಹೊರಟಾಗ ಮುಳ್ಳು ಅರ್ಧಕ್ಕಿಂತ ಮೇಲೆಯೇ ಇತ್ತು.

"ಅರ್ಧ ದಾಟಿ ಉಂಟು. ಹಾಕಿಸ್ಲಾ?" ಎಂದು ಕೇಳಿದೆ.

"ಬೇಡ. ಅಷ್ಟಿದ್ರೆ ಮನೆ ಮುಟ್ಟಿ ನಾಳೆಗೂ ಉಳೀತದೆ," ಎಂದರು ಅಷ್ಟು ವರ್ಷದ ಅನುಭವದಿಂದ.

ಲಾಲ್‌ಬಾಗ್ ಫ್ಲೈಓವರಿನ ನಡುಮಧ್ಯದಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು. ಹಿಂದೆ ಹಾರ್ನುಗಳು ಒಂದೇ ಸಮನೆ ಶುರುವಾದವು. ಮುಳ್ಳು ಮಾತ್ರ ಆರಾಮಾಗಿ ಅರ್ಧದ ಮೇಲೆ ನಿಂತಿತ್ತು. ನಾನು ಕೀಲಿ ತಿರುಗಿಸುತ್ತಲೇ ಇದ್ದೆ. ಇವರು, "ನೀನು ಸ್ಟೇರಿಂಗ್ ಹಿಡಿ, ನಾನು ಸ್ವಲ್ಪ ದೂಡ್ತೇನೆ" ಎಂದು ಇಳಿದೇಬಿಟ್ಟರು. ಬೇಡ ಎನ್ನುವಷ್ಟರಲ್ಲಿ ಕಾರಿನ ಹಿಂದಿನಿಂದ ಸುತ್ತಿಕೊಂಡು ಬಲಗಡೆಗೆ ಬಂದಿದ್ದರು. ಆ ಬದಿಯಿಂದ ಬರುತ್ತಿದ್ದ ಮೋಟರ್ ಬೈಕು ಅವರಿಗೆ ಕಾಣಲೇ ಇಲ್ಲ. ನಾನು ಕನ್ನಡಿಯಲ್ಲಿ ನೋಡಿದೆ. ಬೈಕಿನವನು ಹ್ಯಾಂಡಲ್ ಎಳೆದು, ಇವರ ಅಂಗಿಯ ತೋಳಿಗೆ ತಾಗಿ, ಓಲಾಡಿ, ಮುಂದೆ ಹೋಗಿ ನಿಂತು ತಿರುಗಿದ. "ಅಂಧೇ ಹೋ ಕ್ಯಾ, ಕಾಕಾ?" ಎಂದು ಕೂಗಿದ. ಕುರುಡನೇನೋ ಎಂದು ಯಾರಾದರೂ ಯಾರಿಗಾದರೂ ಮುಂಬೈಯ ರಸ್ತೆಯಲ್ಲಿ ದಿನಕ್ಕೆ ಎಷ್ಟೋ ಸಲ ಕೂಗುತ್ತಾರೆ. ಅವನೂ ಹಾಗೆಯೇ ಕೂಗಿದ್ದು. ಆದರೆ ಇವರು ಕಾರಿನ ಮೈಗೆ ಎರಡೂ ಕೈ ಊರಿ ನಿಂತುಬಿಟ್ಟರು.

ಟ್ರಾಫಿಕ್ ಪೊಲೀಸರು ಕರೆಸಿದ ಗಾಡಿ ನಮ್ಮನ್ನು ಎಳೆದುಕೊಂಡು ಕೆಳಗಿನ ಪಂಪಿಗೆ ಬಿಟ್ಟಿತು. ಪೆಟ್ರೋಲ್ ಬಿದ್ದದ್ದೇ ತಡ, ಕಾರು ಏನೂ ಆಗದ ಹಾಗೆ ಹೊರಟಿತು. ಟ್ಯಾಂಕು ಒಣಗಿಹೋಗಿತ್ತು, ಅಷ್ಟೇ. ಮನೆ ಮುಟ್ಟುವವರೆಗೆ ಇವರು ಒಂದು ಸಿಗ್ನಲ್ಲನ್ನೂ ಹೇಳಲಿಲ್ಲ.

ಮಗಳು ಪ್ರತೀಕ್ಷಾ ಘಾಟ್ಕೋಪರಿನಲ್ಲಿರುವವಳು, ಆ ಸಂಜೆಯೇ ಓಡಿಬಂದಳು. ಅವಳ ಕನ್ನಡ ಲೋಕಲ್ ಟ್ರೈನಿನ ಹಾಗೆ, ಎರಡು ಸ್ಟೇಷನ್ ಹೋಗಿ ಹಿಂದಿಯಲ್ಲಿ ನಿಲ್ಲುತ್ತದೆ.

"ಅಮ್ಮಾ, ಬಸ್ ಹೋ ಗಯಾ, ಸಾಕು. ಆ ಗಾಡಿ ಕೊಟ್ಟು ಬಿಡು. ಸೇಫ್ ಇಲ್ಲ ಅದು. ಪಪ್ಪನಿಗೆ ಏನಾದ್ರೂ ಆಗ್ತಿದ್ರೆ? ನಾನು ಕ್ಯಾಬ್ ಬುಕ್ ಮಾಡಿ ಕೊಡ್ತೇನೆ, ಎವ್ರಿ ಟೈಮ್."

"ಪೆಟ್ರೋಲ್ ಮುಗಿದದ್ದಕ್ಕೆ ಕಾರು ಮಾರುದಾ?" ಎಂದೆ.

"ಮುಗಿದದ್ದು ಗೊತ್ತಾಗ್ಲಿಲ್ಲ ಅಲ್ವಾ? ಅದೇ ತೋ ಪ್ರಾಬ್ಲೆಮ್ ಹೈ."

ನಾನು ಇವರ ಮುಖ ನೋಡಿದೆ. "ಮಾರು ಸುಮತಿ. ನಾನಂತೂ ಇನ್ನು ಅದಕ್ಕೆ ಹತ್ತುದಿಲ್ಲ" ಎಂದರು. ಮರುದಿನದಿಂದ ಕಾರಿಗೆ ಮಾತ್ರವಲ್ಲ, ಯಾವುದಕ್ಕೂ ಹತ್ತಲಿಲ್ಲ. ಬೆಳಗ್ಗೆ ಕೆಳಗಿಳಿದು ಹಾಲಿನ ಅಂಗಡಿಯವರೆಗೆ ಹೋಗುತ್ತಿದ್ದುದನ್ನೂ ಬಿಟ್ಟರು. ಗ್ಯಾಲರಿಯ ಕುರ್ಚಿಯಲ್ಲಿ ಕುಳಿತು ನೇರ ಎದುರಿನ ಬಿಲ್ಡಿಂಗನ್ನು ನೋಡುತ್ತಿದ್ದರು. ಹಾಲು ತರಲು ಹೇಳಿದರೆ "ನೀನೇ ಹೋಗು, ನಾನು ಹೋಗಿ ಯಾರಿಗಾದ್ರೂ ಅಡ್ಡ ಆಗುದು ಬೇಡ" ಎನ್ನುವರು.

ನನಗೆ ಸಿಟ್ಟು ಬಂತು. ಬೈಕಿನವನ ಮೇಲಲ್ಲ, ಇವರ ಮೇಲೂ ಅಲ್ಲ, ಆ ಮುಳ್ಳಿನ ಮೇಲೆ. ಬೆರಳಿನಷ್ಟೂ ಉದ್ದವಿಲ್ಲದ ಒಂದು ಕಡ್ಡಿ ಸುಳ್ಳು ಹೇಳಿದ್ದಕ್ಕೆ ಒಬ್ಬ ಮನುಷ್ಯ ಮನೆಯೊಳಗೆ ಕೂರುವುದೇ? ಮಾರುವುದಿದ್ದರೆ ಆಮೇಲೆ ಮಾರೋಣ, ಮೊದಲು ಅದು ಯಾಕೆ ಸುಳ್ಳು ಹೇಳುತ್ತಿದೆ ಎಂದು ನಾನು ತಿಳಿದುಕೊಳ್ಳಲೇಬೇಕು ಎಂದು ತೀರ್ಮಾನಿಸಿದೆ.

ಬೈಕುಲ್ಲಾದ ಗಲ್ಲಿಯಲ್ಲಿ ಬಸವರಾಜನ ಗ್ಯಾರೇಜು. ವಿಜಯಪುರದ ಕಡೆಯವನು. ಇವರ ಕಾಲದಿಂದಲೂ ಕಾರಿನ ಕೆಲಸ ಅವನದೇ. ನನ್ನನ್ನು ಒಬ್ಬಳೇ ನೋಡಿ, ಕೈ ಒರೆಸಿಕೊಳ್ಳುತ್ತಾ ಬಂದ.

"ಏನ್ರಿ ಅಕ್ಕಾರ, ಅಣ್ಣಾರು ಬರಲಿಲ್ಲೇನ್ರಿ?"

ಇಲ್ಲ ಎಂದು, ಆದದ್ದನ್ನೆಲ್ಲ ಹೇಳಿದೆ. ಅವನು ಹಿಂದಿನ ಸೀಟು ಎತ್ತಿ ಟ್ಯಾಂಕಿನ ಮುಚ್ಚಳ ಬಿಚ್ಚಿದ. ಒಳಗಿನಿಂದ ಒಂದು ಕೈಯಂಥದ್ದನ್ನು ಹೊರಗೆಳೆದ. ಅದರ ತುದಿಯಲ್ಲಿ ತೇಲುವ ಬುರುಡೆ. ಪೆಟ್ರೋಲ್ ಏರಿದರೆ ಬುರುಡೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಅದನ್ನು ನೋಡಿ ಮುಳ್ಳು ಕುಣಿಯುತ್ತದೆ. "ಫ್ಲೋಟ್ ಸವದೈತ್ರಿ. ಹೊಸಾದು ಹಾಕಿದ್ರ ಮುಗೀತು" ಎಂದ. ಹಾಕಿದ. ಕೆಲವು ದಿನ ಮುಳ್ಳು ಸರಿಯಾಗಿಯೇ ನಡೆಯಿತು. ನಾನು ಇವರಿಗೆ ಹೇಳಲು ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಒಂದು ಬೆಳಗ್ಗೆ ಪಾರ್ಲೆ ಮಾರ್ಕೆಟ್ಟಿನಿಂದ ಬರುವಾಗ ಅದು ಕಾಲುಭಾಗದಿಂದ ಮುಕ್ಕಾಲಿಗೆ ಜಿಗಿಯಿತು. ನಾನು ಪೆಟ್ರೋಲ್ ಹಾಕಿಸಿರಲಿಲ್ಲ.

ಮತ್ತೆ ಗ್ಯಾರೇಜಿಗೆ ಹೋದೆ.

"ಹಂಗಾರ ಮೀಟರ್‌ ಹೋಗೇತ್ರಿ ಅಕ್ಕಾರ. ಈ ಗಾಡೀದು ಈಗ ಸಿಗೂದಿಲ್ಲ. ಹಳೇ ಗಾಡಿ ಒಡಿಯೂ ಕಡೆ ಹುಡುಕಬೇಕು."

"ಮೀಟರೇ ಹೋಗಿದೆ ಅಂತ ಹೇಗೆ ಹೇಳ್ತೀ ಬಸವರಾಜ? ಹೋದ ಸಲ ಫ್ಲೋಟ್ ಅಂದೆ."

"ಅದೂ ಹೋಗಿತ್ರಿ. ಇದೂ ಹೋಗೇತಿ."

"ಹಾಗಲ್ಲ. ಮೀಟರ್ ಹಾಳಾಗಿದೆ ಅಂತ ನನಗೆ ತೋರಿಸು. ತೋರಿಸಿದ್ರೆ ಬದಲಾಯಿಸುವ."

ಅವನಿಗೆ ನನ್ನಿಂದ ಸ್ವಲ್ಪ ಬೇಸರವಾಯಿತು. ಹಿಂದೆ ಎರಡು ಟ್ಯಾಕ್ಸಿಗಳು ಕಾಯುತ್ತಿದ್ದವು. ನಾನೋ ಪರೀಕ್ಷೆ ಹಾಲಿನಲ್ಲಿ ನಿಂತ ಟೀಚರ ಹಾಗೆ ಪಕ್ಕದಲ್ಲೇ ನಿಂತಿದ್ದೆ. ಕೊನೆಗೆ ಅವನು ಟ್ಯಾಂಕಿನ ಮೇಲಿನ ವಯರು ಕಿತ್ತ. "ಮುಳ್ಳು ನೋಡ್ರಿ" ಎಂದ. ಮುಳ್ಳು ಪೂರ್ತಿ ಮೇಲೇರಿತು. ಅದೇ ವಯರನ್ನು ಕಾರಿನ ಕಬ್ಬಿಣಕ್ಕೆ ತಾಗಿಸಿದ. ಮುಳ್ಳು ಮೆಲ್ಲಗೆ ಕೆಳಗಿಳಿದು ಖಾಲಿಯಲ್ಲಿ ನಿಂತಿತು. ಮತ್ತೆ ಕಿತ್ತ, ಮತ್ತೆ ತಾಗಿಸಿದ. ಪ್ರತಿ ಸಲವೂ ಹಾಗೆಯೇ.

"ಮೀಟರ್ ಚಲೋ ಐತ್ರಿ," ಎಂದ, ತನಗೇ ಹೇಳಿಕೊಳ್ಳುವ ಹಾಗೆ. ಈಗ ಅವನಿಗೂ ಕುತೂಹಲ ಹುಟ್ಟಿತ್ತು. ಟ್ಯಾಕ್ಸಿಯವರನ್ನು ಮರೆತು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಒಳಗೆಲ್ಲೋ ವಯರ್ ಕಟ್ ಆಗಿರಬೇಕ್ರಿ. ಅದನ್ನ ಹುಡುಕಾಕ ಗಾಡಿ ಪೂರಾ ಬಿಚ್ಚಬೇಕು. ಬಿಚ್ಚಿದ ಮ್ಯಾಲ ಮೊದಲಿನಂಗ ಕೂಡಸೂದು ಕಷ್ಟ. ಅಕ್ಕಾರ, ನಿಮ್ಮ ಮಗಳು ಹೇಳಿದ್ದ ಖರೆ ಐತ್ರಿ. ಕೊಟ್ಟಬಿಡ್ರಿ."

ಕೊಡುವುದಿಲ್ಲ ಎಂದು ಕಾರು ವಾಪಸು ತಂದೆ.

ಆಮೇಲೆ ನಾನು ಆ ಮುಳ್ಳನ್ನು ನೋಡಲು ಶುರುಮಾಡಿದೆ. ಒಂದು ಕಾಲದಲ್ಲಿ ಕೊನೆಯ ಬೆಂಚಿನ ಮಕ್ಕಳನ್ನು ನೋಡುತ್ತಿದ್ದೆನಲ್ಲ, ಹಾಗೆ. ಯಾವಾಗ ತುಂಟತನ ಮಾಡುತ್ತದೆ, ಯಾವಾಗ ಸುಮ್ಮನಿರುತ್ತದೆ? ಅದು ಏನೇ ತೋರಿಸಲಿ, ವಾರಕ್ಕೊಮ್ಮೆ ಸ್ವಲ್ಪ ಪೆಟ್ರೋಲ್ ಹಾಕಿಸುತ್ತಿದ್ದೆ, ಇನ್ನೊಮ್ಮೆ ದಾರಿಯಲ್ಲಿ ನಿಲ್ಲುವ ಧೈರ್ಯ ಇರಲಿಲ್ಲ. ನೋಡುತ್ತಾ ನೋಡುತ್ತಾ ಒಂದು ವಿಷಯ ಗಮನಕ್ಕೆ ಬಂತು. ಅದು ಹೆಚ್ಚಾಗಿ ಜಿಗಿಯುವುದು ಬ್ರೇಕ್ ಹಾಕಿದಾಗ. ಬಸವರಾಜನಿಗೆ ಫೋನ್ ಮಾಡಿ ಹೇಳಿದೆ. "ಅದು ಆಗೂದರಿ. ಬ್ರೇಕ್ ಹಾಕಿದ್ರ ಟ್ಯಾಂಕಿನ್ಯಾಗ ಪೆಟ್ರೋಲ್ ತುಳುಕತೈತಿ, ಫ್ಲೋಟ್ ಮ್ಯಾಲೇಳತೈತಿ" ಎಂದ. ಸರಿಯೇ ಎನಿಸಿತು. ಬಿಂದಿಗೆ ಹೊತ್ತವರು ಸಡನ್ನಾಗಿ ನಿಂತರೆ ನೀರು ತುಳುಕುವುದಿಲ್ಲವೇ?

ಒಂದು ಬೆಳಗ್ಗೆ ಕಾರು ಹೊರಗೆ ತೆಗೆಯಲು ಹೊರಟಾಗ ಸೊಸೈಟಿಯ ಗೇಟಿನಲ್ಲಿ ನೀರಿನ ಟ್ಯಾಂಕರು ಅಡ್ಡ ನಿಂತಿತ್ತು. ನಾನು ಎಂಜಿನ್ ಶುರುಮಾಡಿ, ಬ್ರೇಕಿನ ಮೇಲೆ ಕಾಲಿಟ್ಟು ಕಾಯುತ್ತಾ ಕುಳಿತೆ. ಕಾರು ನಿಂತಲ್ಲೇ ನಿಂತಿತ್ತು. ಮುಳ್ಳು ಮೆಲ್ಲಗೆ ಮೇಲೇರಿತು. ಕಾಲು ತೆಗೆದೆ. ಇಳಿಯಿತು. ಮತ್ತೆ ಒತ್ತಿದೆ. ಏರಿತು.

ನಿಂತ ಕಾರಿನಲ್ಲಿ ಪೆಟ್ರೋಲ್ ಯಾಕೆ ತುಳುಕುತ್ತದೆ?

ಇಂಡಿಕೇಟರ್ ಹಾಕಿ ನೋಡಿದೆ. ಟಿಕ್ ಟಿಕ್ ಎನ್ನುವುದಕ್ಕೆ ಸರಿಯಾಗಿ ಮುಳ್ಳು ನಡುಗಿತು. ಬ್ರೇಕಿಗೂ ಇಂಡಿಕೇಟರಿಗೂ ಇರುವ ಸಂಬಂಧವೆಂದರೆ ದೀಪ, ಹಿಂದಿನ ದೀಪ. ಆದರೆ ಕುಳಿತಲ್ಲಿಂದ ಹಿಂದಿನ ದೀಪ ನನಗೆ ಹೇಗೆ ಕಾಣಬೇಕು? ವಾಚ್‌ಮನ್ ಟ್ಯಾಂಕರಿನವನ ಜೊತೆ ಜಗಳದಲ್ಲಿದ್ದ. ನಾನು ಇಳಿದು ಮೇಲಕ್ಕೆ ನೋಡಿದೆ. ಮೊದಲ ಮಾಳಿಗೆಯ ಗ್ಯಾಲರಿಯಲ್ಲಿ ಇವರು ಎಂದಿನ ಹಾಗೆ ಕುಳಿತಿದ್ದರು.

"ಸ್ವಲ್ಪ ಕೆಳಗೆ ಬನ್ನಿ!" ಎಂದು ಕೂಗಿದೆ.

"ಎಂತಕ್ಕೆ?"

"ಹಿಂದಿನ ದೀಪ ನೋಡ್ಲಿಕ್ಕುಂಟು."

"ಬೇರೆ ಯಾರನ್ನಾದ್ರೂ ಕರಿ ಮಾರಾಯ್ತಿ. ನನ್ನ ಕಣ್ಣು ನಿನಗೆ ಗೊತ್ತುಂಟಲ್ಲ."

"ಎದುರಿಗೆ ಇರುದು ಕಾಣ್ತದಲ್ಲ? ದೀಪ ಎದುರಿಗೇ ಉಂಟು. ಕಾರು ಒಂದು ಇಂಚೂ ಹೊರಡುದಿಲ್ಲ. ಬನ್ನಿ."

ಅವರು ಬರುತ್ತಾರೆಂದು ನನಗೇ ನಂಬಿಕೆ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಟ್ಟಿಲಿನ ಕಟಕಟೆ ಹಿಡಿದುಕೊಂಡು ಬಂದರು. ಬಂದು ಕಾರಿನ ಹಿಂದೆ ನಿಂತರು. ನಾನು ಒಳಗೆ ಕುಳಿತು ಬ್ರೇಕ್ ಒತ್ತಿದೆ.

"ಎರಡೂ ಹೊತ್ತಿತು," ಎಂದರು.

"ಒಂದೇ ಹಾಗೆ ಉಂಟಾ?"

ಬೇರೆಯವರಾಗಿದ್ದರೆ ಒಟ್ಟಿಗೆ ನೋಡಿ ಹೌದು ಎಂದು ಹೇಳಿ ಹೋಗುತ್ತಿದ್ದರು. ಇವರಿಗೆ ಎರಡು ದೀಪ ಒಟ್ಟಿಗೆ ಕಾಣುವುದಿಲ್ಲ. ಒಂದನ್ನು ನೋಡಿ, ಕುತ್ತಿಗೆ ತಿರುಗಿಸಿ ಇನ್ನೊಂದನ್ನು ನೋಡಬೇಕು. ಬಲಗಡೆಯದನ್ನು ನೋಡಿದರು. ಎಡಗಡೆಗೆ ಸರಿದು ಬಗ್ಗಿದರು. ಬಗ್ಗಿದವರು ಅಲ್ಲೇ ಉಳಿದರು.

"ಸುಮತಿ, ಇದು ಮಂಕಾಗಿ ಉಂಟು. ಮತ್ತೆ... ನೀನು ಇಂಡಿಕೇಟರ್ ಹಾಕಿದ್ದೀಯಾ?"

"ಇಲ್ಲ. ಈಗ ಆಫ್ ಮಾಡಿದ್ದೇನೆ. ಬ್ರೇಕ್ ಮಾತ್ರ."

"ಬ್ರೇಕ್ ಒತ್ತಿದಾಗ ಇದರಲ್ಲಿ ಇಂಡಿಕೇಟರೂ ಸಣ್ಣಗೆ ಹೊತ್ತಿಕೊಳ್ತಾ ಉಂಟಲ್ಲ ಮಾರಾಯ್ತಿ! ಮಿಣುಕು ಹುಳದ ಹಾಗೆ."

ನಾನು ಕಾಲು ಒತ್ತಿ ಹಿಡಿದೇ ಕಣ್ಣು ಮುಚ್ಚಿದೆ. ಏಳನೇ ಕ್ಲಾಸಿನ ಬೋರ್ಡು ಎದುರಿಗೆ ಬಂತು. ಒಂದು ಬ್ಯಾಟರಿ, ಒಂದು ಬಲ್ಬು, ಸುತ್ತಲೂ ಗೆರೆ. ಹೊರಟ ವಿದ್ಯುತ್ತು ಮರಳಿ ಬರಲೇಬೇಕು, ಮರಳುವ ದಾರಿ ಇಲ್ಲದಿದ್ದರೆ ಹೊರಡುವುದೇ ಇಲ್ಲ ಎಂದು ವರ್ಷ ವರ್ಷ ಮಕ್ಕಳಿಗೆ ಹೇಳಿದ್ದೆ. ಕಾರಿನಲ್ಲಿ ಮರಳುವ ದಾರಿ ಎಂದರೆ ಕಾರಿನ ಕಬ್ಬಿಣದ ಮೈಯೇ. ಬಸವರಾಜ ವಯರು ತಾಗಿಸಿದ್ದು ಅದಕ್ಕೇ. ಹಿಂದಿನ ದೀಪವೂ ಫ್ಲೋಟೂ ಒಂದೇ ಕಡೆ ಆ ಮೈಗೆ ಸೇರಿಕೊಂಡಿದ್ದರೆ? ಆ ಜಾಗವೇ ಕೆಟ್ಟಿದ್ದರೆ? ದೀಪದ ವಿದ್ಯುತ್ತು ಮರಳಲು ದಾರಿ ಸಾಲದೆ ಇಂಡಿಕೇಟರಿನೊಳಗೆ ನುಗ್ಗುತ್ತಿದೆ, ಫ್ಲೋಟಿನ ದಾರಿಯನ್ನೂ ಕೆಡಿಸುತ್ತಿದೆ. ಮುಳ್ಳು ತಪ್ಪು ಮಾಡುತ್ತಿರಲಿಲ್ಲ. ಅದಕ್ಕೆ ಮುಟ್ಟುತ್ತಿದ್ದ ಸುದ್ದಿಯೇ ತಪ್ಪಾಗಿತ್ತು.

"ಅರ್ಥಿಂಗ್!" ಎಂದು ಕೂಗಿ ಕಾರಿನಿಂದ ಇಳಿದೆ. ಕೆಳಗಿನ ಮನೆಯ ಪಾಟೀಲ್ ಕಾಕಾ ಬನಿಯನಿನಲ್ಲೇ ಹೊರಗೆ ಬಂದರು. "ಕಾಯ್ ಝಾಲಂ ವಹಿನಿ? ವಿಕೂನ್ ಟಾಕಾ ತೀ ಗಾಡಿ" ಎಂದರು. ಮಾರಿಬಿಡಿ ಎಂದು ಅವರೂ ಹೇಳುವುದೊಂದು ಬಾಕಿ ಇತ್ತು.

ಡಿಕ್ಕಿ ತೆರೆದು ಮ್ಯಾಟು ಎಳೆದೆ. ಎಡಗಡೆಯ ಮೂಲೆಯಲ್ಲಿ, ದೀಪದ ಹಿಂದೆ, ಕಪ್ಪು ವಯರುಗಳೆಲ್ಲ ಬಂದು ಸೇರುವ ಒಂದು ಸ್ಕ್ರೂ ಇತ್ತು. ಇತ್ತು ಎಂದು ಹೇಳಬೇಕು, ಅಷ್ಟೇ. ಸ್ಕ್ರೂ, ವಯರಿನ ತುದಿ, ಕೆಳಗಿನ ತಗಡು ಎಲ್ಲ ಒಂದೇ ತುಕ್ಕಿನ ಮುದ್ದೆ. ಬೆರಳು ತಾಗಿದರೆ ಕೆಂಪು ಪುಡಿ ಉದುರಿತು. ಪುಡಿಯ ನಡುವೆ ಏನೋ ಮಿನುಗಿತು. ಉಗುರಿನಿಂದ ಎತ್ತಿ ಇವರ ಅಂಗೈಯಲ್ಲಿಟ್ಟೆ.

ಇವರು ಅದನ್ನು ಕಣ್ಣೆದುರಿಗೆ ಹಿಡಿದು ನೋಡಿದರು. ಆಮೇಲೆ, ಎಷ್ಟೋ ದಿನದ ಮೇಲೆ, ನಕ್ಕರು.

"ಬಂಗುಡೆ ಮೀನಿನ ಹುರುಪೆ," ಎಂದರು. "ಐಸು ಕರಗಿ ನೀರು ಇಲ್ಲಿಗೇ ಇಳೀತಿತ್ತಲ್ಲ. ಉಪ್ಪು ನೀರು. ಎಷ್ಟು ವರ್ಷ!"

ಬಸವರಾಜನ ಹತ್ತಿರ ಹೋಗಿ ಬರುವಷ್ಟು ತಾಳ್ಮೆ ನನಗಿರಲಿಲ್ಲ. ಪಾಟೀಲ್ ಕಾಕಾ ಸ್ಕ್ರೂಡ್ರೈವರ್ ಕೊಟ್ಟರು, ಹಳೆಯ ಪಾಲಿಶ್ ಪೇಪರೂ ಕೊಟ್ಟರು. ಬ್ಯಾಟರಿಯ ವಯರು ಬಿಚ್ಚಿ, ಸ್ಕ್ರೂ ತೆಗೆಯಲು ಹೋದರೆ ಅದು ಅಲ್ಲಾಡಲಿಲ್ಲ. "ಇಲ್ಲಿ ಕೊಡು" ಎಂದು ಇವರು ನನ್ನನ್ನು ಪಕ್ಕಕ್ಕೆ ಸರಿಸಿದರು. ನಾನು ಮೊಬೈಲಿನ ಬೆಳಕು ಹಿಡಿದೆ. "ಬೆಳಕು ಬೇಡ, ಕೈಗೆ ಗೊತ್ತಾಗ್ತದೆ" ಎಂದರು. ಮೀನಿನ ಹೊಟ್ಟೆ ಸೀಳಿ ಸೀಳಿ ಪಳಗಿದ ಕೈ. ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಹಲ್ಲು ಕಚ್ಚಿ ಸ್ಕ್ರೂ ತಿರುಗಿಸಿದರು. ಅದು ಕೀರಲಿಟ್ಟು ಬಂತು. ಆಮೇಲೆ ತಗಡನ್ನು ತಿಕ್ಕಿದರು, ವಯರಿನ ತುದಿಗಳನ್ನು ತಿಕ್ಕಿದರು. ಆಗಾಗ ಹೆಬ್ಬೆರಳು ಆಡಿಸಿ ನೋಡುವರು, ಇನ್ನೂ ಒರಟು ಎಂದು ಮತ್ತೆ ತಿಕ್ಕುವರು. ಬೆನ್ನು ನೋವು ಬಂದೀತು, ಸಾಕು ಎಂದೆ. "ಅರ್ಧ ಮಾಡಿ ಬಿಡುದಾ?" ಎಂದರು. ಕೊನೆಗೆ ತಗಡು ಬೆಳ್ಳಿಯ ಹಾಗೆ ಹೊಳೆಯಿತು. ಪಾಟೀಲ್ ಕಾಕಾ ಹುಡುಕಿ ಕೊಟ್ಟ ಹೊಸ ಸ್ಕ್ರೂ ಹಾಕಿ ಬಿಗಿದರು.

ಬ್ಯಾಟರಿ ಸೇರಿಸಿ ಕೀಲಿ ತಿರುಗಿಸಿದೆ. ಬ್ರೇಕ್ ಒತ್ತಿದೆ. ಮುಳ್ಳು ಅಲ್ಲಾಡಲಿಲ್ಲ. ಇಂಡಿಕೇಟರ್ ಹಾಕಿದೆ. ಅಲ್ಲಾಡಲಿಲ್ಲ. ಹಿಂದಿನಿಂದ ಇವರು, "ಎರಡೂ ದೀಪ ಒಂದೇ ಹಾಗೆ!" ಎಂದು ಕೂಗಿದರು. ಮುಳ್ಳು ಒಂದು ಕಡೆ ನಿಂತೇ ಇತ್ತು, ಕಾಲುಭಾಗದ ಹತ್ತಿರ. ಸ್ವಲ್ಪ ಮೊದಲು ಅದೇ ಮುಳ್ಳು ಅರ್ಧದ ಮೇಲೆ ಎಂದು ನನ್ನನ್ನು ನಂಬಿಸುತ್ತಿತ್ತು.

ಆದರೂ ನಾನು ಅದನ್ನು ಅಷ್ಟು ಸುಲಭದಲ್ಲಿ ನಂಬಲಿಲ್ಲ. ಒಮ್ಮೆ ಮೋಸ ಹೋದವಳು. ಒಬ್ಬಳೇ ಪಾರ್ಲೆಯ ಸುತ್ತಮುತ್ತ, ಪಂಪಿನಿಂದ ದೂರ ಹೋಗದೆ, ಮುಳ್ಳು ಕೆಂಪು ಗೆರೆಗೆ ಇಳಿಯುವವರೆಗೆ ಓಡಿಸಿದೆ. ಆಮೇಲೆ ಪಂಪಿಗೆ ಹೋಗಿ ತುಂಬಿಸಿದೆ. ಕಂಪೆನಿಯ ಪುಸ್ತಕದಲ್ಲಿ ಬರೆದ ಲೆಕ್ಕಕ್ಕೆ ಸರಿಯಾಗಿ ಪೆಟ್ರೋಲ್ ಹಿಡಿಯಿತು. ಮುಳ್ಳು ತುದಿ ಮುಟ್ಟಿತು. ಮಳೆ ಬಂತು. ಮಳೆಯಲ್ಲೂ ಹಾಗೆಯೇ ಪರೀಕ್ಷೆ ಮಾಡಿದೆ. ಆಗಲೂ ಸರಿಯಾಗಿ ತೋರಿಸಿತು. ಬಸವರಾಜನಿಗೆ ಫೋನ್ ಮಾಡಿದೆ.

"ಅರ್ಥಿಂಗೇನ್ರಿ?" ಎಂದ. "ವಯರ್ ಜಗ್ಗಾಡಿದಾಗ ಅದು ಒಂದೀಟ ಕಾಂಟ್ಯಾಕ್ಟ್ ಆಗಿರಬೇಕ್ರಿ. ಅದಕ್ಕ ನಾಕ ದಿನ ಚಲೋ ಇತ್ತು. ನಾ ಫ್ಲೋಟ್ ಹಾಕಿದ್ದಕ್ಕ ಅಂತ ತಿಳಕೊಂಡೆ. ಅಣ್ಣಾರು ನೋಡಿದ್ರೇನ್ರಿ ಅದನ್ನ?"

"ಹೌದು. ಅಣ್ಣನವರೇ ನೋಡಿದ್ದು," ಎಂದೆ. ಗ್ಯಾಲರಿಯಲ್ಲಿ ಕುಳಿತವರಿಗೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಆದರೆ ಇವರು ಕಾರಿಗೆ ಹತ್ತಲಿಲ್ಲ. ನಾನೂ ಹತ್ತಿ ಎನ್ನಲಿಲ್ಲ. ಬೆಳಗ್ಗೆ ಹಾಲಿಗೆ ಹೋಗಲು ಮಾತ್ರ ಶುರುಮಾಡಿದ್ದರು. ರಸ್ತೆ ದಾಟುವಾಗ ನಿಂತು ಕುತ್ತಿಗೆಯನ್ನು ಪೂರ್ತಿ ಆ ಕಡೆ, ಪೂರ್ತಿ ಈ ಕಡೆ ತಿರುಗಿಸಿ ನೋಡುವುದನ್ನು ನಾನು ಗ್ಯಾಲರಿಯಿಂದ ಕಂಡೆ. ದೀಪ ನೋಡಿದ ಹಾಗೆಯೇ, ಒಂದೊಂದಾಗಿ.

ಆಸ್ಪತ್ರೆಯ ದಿನ ಬಂತು. ಪ್ರತೀಕ್ಷಾ ರಜೆ ಹಾಕಿ ಬಂದಳು. ಮೊದಲೇ ಹೇಳಿದಂತೆ ಕ್ಯಾಬ್ ಬುಕ್ ಮಾಡಿದಳು. ಕಾರಿನ ಕೀಲಿಕೈ ಮಾತ್ರ ಅಭ್ಯಾಸದಿಂದ ಪರ್ಸಿನಲ್ಲಿತ್ತು. ಮೂವರೂ ಕೆಳಗಿಳಿದೆವು. ಕ್ಯಾಬ್ ಗೇಟಿನ ಹೊರಗೆ ನಿಂತಿತ್ತು, ಪ್ರತೀಕ್ಷಾ ಅದರ ಬಾಗಿಲು ತೆಗೆದು ಹಿಡಿದಳು.

ಇವರು ಗೇಟಿನ ಕಡೆ ಹೋಗಲಿಲ್ಲ. ಕಂಪೌಂಡಿನ ಗೋಡೆಗೆ ಕೈಯಾನಿಸಿಕೊಂಡು ಪಾರ್ಕಿಂಗಿನತ್ತ ನಡೆದರು. ನಮ್ಮ ಕಾರಿನ ಎಡಗಡೆಯ ಬಾಗಿಲಿನ ಹಿಡಿಕೆಗೆ ಕೈ ಹಾಕಿ ನಿಂತರು.

"ಪಪ್ಪಾ, ಕ್ಯಾಬ್ ಇಧರ್ ಹೈ!" ಎಂದು ಪ್ರತೀಕ್ಷಾ ಕೂಗಿದಳು.

"ನನಗೆ ಗೊತ್ತುಂಟು ಮಗಾ," ಎಂದರು. ಮುಖವನ್ನು ಪೂರ್ತಿಯಾಗಿ ನನ್ನ ಕಡೆಗೆ ತಿರುಗಿಸಿ ಕೇಳಿದರು: "ಸುಮತಿ, ಪೆಟ್ರೋಲ್ ಎಷ್ಟುಂಟು?"

"ಮುಕ್ಕಾಲು."

"ಹಾಗಾದ್ರೆ ಬಾಗಿಲು ತೆಗಿ."

ನಾನು ತೆಗೆದೆ. ಇವರು ಕುಳಿತು ಬೆಲ್ಟ್ ಎಳೆದುಕೊಂಡರು. "ಈ ಹೊತ್ತಿಗೆ ಮಾಹಿಮಿನಲ್ಲಿ ಟ್ರಾಫಿಕ್ ಇರ್ತದೆ, ಸೀ ಲಿಂಕಿನ ಮೇಲೆ ಹೋಗುವ. ಬಾಂದ್ರಾದಲ್ಲಿ ಮೊದಲೇ ಬಲದ ಲೇನ್ ಹಿಡ್ಕೊ" ಎಂದು ಶುರುವಾಯಿತು. ನಾನು ಕೀಲಿ ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಪ್ರತೀಕ್ಷಾ ಗೇಟಿನಲ್ಲಿ ಕ್ಯಾಬಿನವನ ಬಳಿ ಬಗ್ಗಿ ಏನೋ ಹೇಳಿ ಕೈ ಮುಗಿದಳು, ಓಡಿಬಂದು ನಮ್ಮ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡಳು.